ಬೂಷ್ಟಿಗೆ ಕೊಟ್ಟ ನೋಟೀಸು

ಇಪ್ಪತ್ತೊಂಬತ್ತು ವರ್ಷ ನನ್ನ ಬಲಗಡೆ ಜೇಬಿನಲ್ಲಿದ್ದ ಸ್ಟೋರಿನ ಬೀಗದ ಕೈಯನ್ನು ಮಾದೇವಮ್ಮನವರು ಹೋದ ಜುಲೈ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ, ಹಾಜರಿಗೆ ನಿಂತಿದ್ದ ಇಪ್ಪತ್ತೆರಡು ಆಳುಗಳ ಎದುರಿಗೆ, ಕೈ ಚಾಚಿ ಇಸಿದುಕೊಂಡರು. ಕಾರಣ ಒಂದು ಬೂಷ್ಟು. ಮನುಷ್ಯರಿಂದ ಮರ್ಯಾದೆ ಕಳೆದುಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬೂಷ್ಟಿನಿಂದ ಕಳೆದುಕೊಂಡವನು ಹೆತ್ತೂರು ಸುತ್ತಮುತ್ತ ನಾನೊಬ್ಬನೇ ಇರಬೇಕು.

ನನ್ನ ಹೆಸರು ರಂಗಸ್ವಾಮಿ. ಹೆತ್ತೂರಿನಿಂದ ಬಿಸಿಲೆ ಕಡೆ ಹೋಗುವ ದಾರಿಯಲ್ಲಿ ಮಾದೇವಮ್ಮನವರ ಕಾಫಿ ತೋಟವಿದೆ, ಅಲ್ಲಿ ರೈಟರ್. ಹಾಜರಿ ಕೂಗುವುದು, ಗೊಬ್ಬರ ಔಷಧಿ ಅಳೆದು ಕೊಡುವುದು, ಸ್ಟೋರು ಕಾಯುವುದು, ಪೈಪು ಒಡೆದರೆ ಬೈಸಿಕೊಳ್ಳುವುದು, ಒಡೆಯದಿದ್ದರೂ ಬೈಸಿಕೊಳ್ಳುವುದು ನನ್ನ ಕೆಲಸ. ಮಾದೇವಮ್ಮನವರಿಗೆ ಎಪ್ಪತ್ತೆರಡು ವರ್ಷ. ದಿನಕ್ಕೆ ಮೂರು ಸಲವಾದರೂ ಬೈಯದಿದ್ದರೆ ಅವರಿಗೆ ಉಂಡದ್ದು ಅರಗುವುದಿಲ್ಲ. ನನಗೂ ರೂಢಿಯಾಗಿ ಹೋಗಿತ್ತು. ಆದರೆ ಅವರಲ್ಲಿ ಒಂದು ಗುಣವಿತ್ತು: ಯಾವ ಜೀವಕ್ಕೂ ಹೇಳದೆ ಕೇಡು ಮಾಡುವವರಲ್ಲ. ಒಂದು ಸಿಲ್ವರ್ ಮರ ಕಡಿಸಬೇಕಾದರೂ ಹಿಂದಿನ ಸಂಜೆ ಕೊಡಲಿ ಹಿಡಿಸಿಕೊಂಡು ಹೋಗಿ, ಅದರ ಬಾಯನ್ನು ತೊಗಟೆಗೆ ಮುಟ್ಟಿಸಿ, "ನಾಳೆ ಕಡೀತೀವಿ, ಇರೋರೆಲ್ಲ ಬೇರೆ ಕಡೆಗೆ ಹೋಗ್ಬುಡಿ" ಎಂದು ಹೇಳಿ ಬರುತ್ತಿದ್ದರು. ಹಕ್ಕಿ, ಇರುವೆ, ಅಳಿಲು, ಕಣ್ಣಿಗೆ ಕಾಣದವರು, ಎಲ್ಲರಿಗೂ ಸೇರಿಸಿ ಒಂದೇ ಮಾತು. ಅವರ ಅಜ್ಜಿ ಹಾಗೆ ಮಾಡುತ್ತಿದ್ದರಂತೆ. ಆ ಕೊಡಲಿ ಹೊತ್ತುಕೊಂಡು ಹಿಂದೆ ಹೋಗುತ್ತಿದ್ದವನು ನಾನೇ. ಇದನ್ನು ಇಲ್ಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ಇಷ್ಟೆಲ್ಲ ಗೊತ್ತಿದ್ದೂ ನನ್ನ ಮಂಡೆಗೆ ಸಕಾಲದಲ್ಲಿ ಏನೂ ಹೊಳೆಯಲಿಲ್ಲ.

ಮಳೆಗಾಲದಲ್ಲಿ ಕಾಫಿಗೆ ಕೊಳೆರೋಗ ಬರುತ್ತದೆ. ಎಲೆ ಕಪ್ಪಾಗಿ ಕೊಳೆಯುತ್ತದೆ, ಆದರೆ ಉದುರುವುದಿಲ್ಲ. ಬೂಷ್ಟಿನ ಒಂದು ನೂಲು ಹಿಡಿದುಕೊಂಡು ಗಿಡದಲ್ಲೇ ನೇತಾಡುತ್ತ ಪಕ್ಕದ ಎಲೆಯನ್ನೂ ಕೆಡಿಸುತ್ತದೆ. ನಾವು ಮೊದಲಿನಿಂದ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯುವವರು. ಹೋದ ವರ್ಷ ಹಾಸನದ ಒಂದು ಪ್ರಯೋಗಾಲಯದಿಂದ ನಿಖತ್ ಮೇಡಂ ಬಂದು, ಹೊಸ ಔಷಧಿಯ ಪರೀಕ್ಷೆಗೆ ಇನ್ನೂರು ಗಿಡ ಬಿಟ್ಟುಕೊಡಿ ಎಂದು ಕೇಳಿದರು. ಅವರು ನಮಗೆ ಹೊಸಬರಲ್ಲ. ಅವರ ತಂದೆ ತಾಜುದ್ದೀನ್ ಸಕಲೇಶಪುರದಲ್ಲಿ ಲಾರಿ ಇಟ್ಟುಕೊಂಡು ನಮ್ಮ ತೋಟದ ಕಾಫಿ ಸಾಗಿಸಿದವರು. ಮಾದೇವಮ್ಮನವರು, ತಾಜುದ್ದೀನನ ಮಗಳು ಬೂಷ್ಟು ಸಾಕೋದಕ್ಕೆ ಇಷ್ಟು ಓದಬೇಕಾಗಿತ್ತಾ ಎಂದು ಬೈದು, ಹಳ್ಳದ ಬದಿಯ ಇನ್ನೂರು ಗಿಡ ಕೊಟ್ಟರು. ಆಲೂರು ಕಡೆಯ ಒಂದು ತೋಟ, ಬಿಸಿಲೆ ಕಡೆಯ ಒಂದು ತೋಟವೂ ಈ ಪರೀಕ್ಷೆಯಲ್ಲಿದ್ದವು.

ಔಷಧಿಯಲ್ಲಿ ಇದ್ದದ್ದು ಪೆರಾಕ್ಸೈಡ್. ಗಾಯಕ್ಕೆ ಹಾಕಿದರೆ ಬುಸಬುಸ ಎಂದು ನೊರೆ ಬರುತ್ತದಲ್ಲ, ಅದೇ ಜಾತಿ. ಆಳುಗಳು ಅದಕ್ಕೆ ಗುಳ್ಳೆ ಔಷಧಿ ಎಂದು ಹೆಸರಿಟ್ಟರು. ನೋಡಲಿ ಎಂದು ಮೂವರು ತೋಟದವರಿಗೂ ಮೇಡಂ ಒಂದೊಂದು ಸಣ್ಣ ಬಾಟಲಿ ಕೊಟ್ಟರು. ದೊಡ್ಡ ಕ್ಯಾನು ಸ್ಟೋರಿಗೆ ಬಂತು, ನನ್ನ ಬೀಗದೊಳಗೆ.

ಜೂನ್ ಕೊನೆಯಲ್ಲಿ ಮಳೆ ಬಿಡುವು ಕೊಟ್ಟ ಒಂದು ದಿನ ಮೊದಲನೇ ಸ್ಪ್ರೇ ಆಯಿತು. ಪಂಪು ಹೊಡೆಯುವ ಪ್ರತಾಪ್ ಎಲೆಗಳ ಮೇಲೆ ನೊರೆ ಏಳುವುದನ್ನು ನೋಡಿ ಕುಣಿದಾಡಿದ. ಬೂಷ್ಟು ಬೇಯುತ್ತಿದೆ ಎಂದು ಅವನ ಲೆಕ್ಕ. ಹತ್ತು ದಿನಕ್ಕೆ ನೋಡಿದರೆ ಕಪ್ಪು ಇನ್ನೂ ಎರಡು ಸಾಲು ಮುಂದೆ ಹೋಗಿತ್ತು. ಜುಲೈ ಹತ್ತರ ಸುಮಾರಿಗೆ ಎರಡನೇ ಸ್ಪ್ರೇ. ಅವತ್ತು ನಿಖತ್ ಮೇಡಂ ಎಲೆಯನ್ನು ಇದ್ದ ಹಾಗೇ ಹೆಪ್ಪುಗಟ್ಟಿಸಿಡುವ, ತಣ್ಣನೆ ಹೊಗೆ ಉಗುಳುವ ಒಂದು ಫ್ಲಾಸ್ಕು ತಂದು, ಸ್ಪ್ರೇಗೆ ಮುಂಚೆ ಒಂದಷ್ಟು ಎಲೆ, ಆಮೇಲೆ ಒಂದಷ್ಟು ಎಲೆ ಕಿತ್ತು ಅದರೊಳಗೆ ಹಾಕಿಕೊಂಡು ಹೋದರು. ಮತ್ತೆ ನೊರೆ, ಮತ್ತೆ ಪ್ರತಾಪನ ಖುಷಿ, ಮತ್ತೆ ಕಪ್ಪು. ಅಷ್ಟು ಹೊತ್ತಿಗೆ ಆಲೂರಿನ ತೋಟದಲ್ಲೂ ಬಿಸಿಲೆಯ ತೋಟದಲ್ಲೂ ರೋಗ ಪೂರಾ ನಿಂತಿದೆ ಎಂಬ ಸುದ್ದಿ ಬಂತು. ಅದೇ ಕ್ಯಾನು, ಅದೇ ಅಳತೆ, ನಮ್ಮಲ್ಲಿ ಮಾತ್ರ ಹೀಗೆ. ಸುದ್ದಿ ಬಂದದ್ದು ಭಾನುವಾರ, ಮರುದಿನವೇ ಆ ಸೋಮವಾರ.

"ರಂಗಸ್ವಾಮಿ, ಸ್ಟೋರ್ ಕೀ ಕೊಡು" ಎಂದರು ಮಾದೇವಮ್ಮನವರು.

ಏನೋ ತೆಗೆಯುವುದಕ್ಕಿರಬೇಕು ಎಂದು ಕೊಟ್ಟೆ. ಅವರು ಅದನ್ನು ಸೆರಗಿಗೆ ಗಂಟು ಹಾಕಿಕೊಂಡರು.

"ಔಷಧಿಗೆ ನೀರು ಬೆರೆಸಿ ಮಿಕ್ಕಿದ್ದನ್ನ ಎಲ್ಲಿಗೆ ಸಾಗಿಸ್ತಿದೀಯ ಅಂತ ನಾನು ಕೇಳಕ್ಕೋಗಲ್ಲ. ಇವತ್ತಿಂದ ಸ್ಟೋರ್ ಕಡೆ ಬರ್ಬೇಡ" ಎಂದರು.

ನಾನು ಬಾಯಿ ತೆರೆಯುವ ಮುಂಚೆ ಒಳಗೆ ಹೋದರು. ಇಪ್ಪತ್ತೆರಡು ಜನ ನೆಲ ನೋಡುತ್ತ ನಿಂತಿದ್ದರು. ಲಿಂಗಮ್ಮ ಎಂಬ ಹೆಣ್ಣಾಳು, ನನ್ನಷ್ಟೇ ವರ್ಷದಿಂದ ಅಲ್ಲಿರುವವಳು, ಹಾಜರಿ ಪುಸ್ತಕವನ್ನು ನನ್ನ ಕಂಕುಳಿನಿಂದ ಮೆಲ್ಲಗೆ ಎಳೆದುಕೊಂಡಳು. ಅಮ್ಮಾವ್ರು ಹಾಗೆ ಹೇಳಿದ್ದಾರೆ ಎಂದಳು, ಅಳುವ ದನಿಯಲ್ಲಿ. ಬೈಗುಳಕ್ಕೆ ನಾನು ಹೆದರುವವನಲ್ಲ, ಆದರೆ ಕಳ್ಳ ಎಂಬುದು ಬೈಗುಳವಲ್ಲ. ಮನೆಗೆ ಹೋಗಿ ಹೆಂಡತಿ ಚಿನ್ನಮ್ಮನಿಗೂ ಹೇಳಲಾಗದೆ ಹಿತ್ತಲಲ್ಲಿ ಕುಳಿತು ಅತ್ತುಬಿಟ್ಟೆ. ಕೈ ಮಾತ್ರ ಗಳಿಗೆಗೊಮ್ಮೆ ಬಲಗಡೆ ಜೇಬಿಗೆ ಹೋಗಿ ಬರಿದಾಗಿ ವಾಪಸಾಗುತ್ತಿತ್ತು.

ಮಾರನೆಯ ದಿನ ಈಗ ಸ್ಟೋರು ತೆಗೆಯಲು ಅಮ್ಮಾವ್ರಿಂದ ಕೀ ಪಡೆಯುತ್ತಿದ್ದ ಲಿಂಗಮ್ಮನ ಕೈಕಾಲು ಹಿಡಿದು, ಕ್ಯಾನಿನಲ್ಲಿ ಉಳಿದಿದ್ದ ಔಷಧಿಯನ್ನು ಒಂದು ಬಾಟಲಿಗೆ ಹಾಕಿಸಿಕೊಂಡು ಹಾಸನದ ಬಸ್ಸು ಹತ್ತಿದೆ. ಆಲೂರು ದಾಟುವಾಗ ಅಲ್ಲಿನ ತೋಟಗಳ ಎಲೆಗಳು ಹಸಿರಾಗಿ ಹೊಳೆಯುತ್ತಿದ್ದವು. ನನ್ನನ್ನು ಅಣಕಿಸುವುದಕ್ಕೇ ಹೊಳೆಯುತ್ತಿವೆ ಅನ್ನಿಸಿತು.

ನಿಖತ್ ಮೇಡಂ ಬಾಟಲಿಯನ್ನು ಪರೀಕ್ಷೆ ಮಾಡಿ, ಔಷಧಿ ಪೂರ್ತಿ ಗಟ್ಟಿಯಾಗಿದೆ, ಒಂದು ಹನಿ ನೀರೂ ಬೆರೆತಿಲ್ಲ ಎಂದರು. ನನಗೆ ಅವರ ಕಾಲಿಗೆ ಬೀಳೋಣ ಅನ್ನಿಸಿತು. ಆದರೆ ಅಷ್ಟಕ್ಕೆ ಮಾದೇವಮ್ಮನವರು ಒಪ್ಪುವುದಿಲ್ಲ, ಗಟ್ಟಿ ಔಷಧಿಯನ್ನು ಪರೀಕ್ಷೆಗೆ ಇಟ್ಟುಕೊಂಡು ತೆಳು ಔಷಧಿಯನ್ನು ಗಿಡಕ್ಕೆ ಕೊಟ್ಟ ಅನ್ನುತ್ತಾರೆ ಎಂದೆ. ಹಾಗಿದ್ದರೆ ಬೂಷ್ಟು ಯಾಕೆ ಸಾಯಲಿಲ್ಲ ಎಂಬುದನ್ನು ಮೊದಲು ನೋಡಬೇಕು, ನೀವು ಬಂದದ್ದು ಒಳ್ಳೆಯದಾಯಿತು ಎಂದು ಅವರು ನನ್ನನ್ನು ಒಂದು ಸ್ಟೂಲಿನ ಮೇಲೆ ಕೂರಿಸಿ ಹೇಳಲು ಶುರು ಮಾಡಿದರು. ನನಗೆ ಅರ್ಥವಾದಷ್ಟನ್ನು ಬರೆಯುತ್ತೇನೆ.

ಪೆರಾಕ್ಸೈಡ್ ಬಿದ್ದರೆ ಬೂಷ್ಟಿನ ಮೈಯೊಳಗೆ ಎಲ್ಲ ಸುಟ್ಟಂತಾಗುತ್ತದೆ. ಅದನ್ನು ಉತ್ಕರ್ಷಣದ ಒತ್ತಡ ಅನ್ನುತ್ತಾರಂತೆ. ಬೂಷ್ಟಿನ ಒಂದೊಂದು ಜೀವಕೋಶದಲ್ಲೂ ಒಂದು ಒಳಕೋಣೆ, ಅದರೊಳಗೆ ಜೀನುಗಳು. ಕೆಲವು ಜೀನುಗಳು ಈ ಸುಡುವಿಕೆಯಿಂದ ಪಾರಾಗುವ ಸಾಮಾನು ಮಾಡಿಸುವಂಥವು, ಆದರೆ ಮಾಮೂಲಿ ದಿನಗಳಲ್ಲಿ ಮುಚ್ಚಿಕೊಂಡಿರುತ್ತವೆ. ಒಂದು ಪ್ರೋಟೀನು ಇಡೀ ದಿನ ಆ ಕೋಣೆಯ ಒಳಗೂ ಹೊರಗೂ ಓಡಾಡುತ್ತಿರುತ್ತದೆ. ಒಳಗೆ ಬಂದರೆ ಬಾಗಿಲು ಕಾಯುವವನು ಅದನ್ನು ಗುರುತು ಹಿಡಿದು ಹೊರಗೆ ದಬ್ಬುತ್ತಾನೆ. ಪೆರಾಕ್ಸೈಡ್ ತಾಗಿತೋ, ಅದರ ಆಕಾರ ತಿರುಚಿಕೊಳ್ಳುತ್ತದೆ. ಬಾಗಿಲು ಕಾಯುವವನಿಗೆ ಗುರುತು ಸಿಗುವುದಿಲ್ಲ. ಅದು ಒಳಗೇ ಉಳಿದು ಆ ಜೀನುಗಳನ್ನೆಲ್ಲ ತೆರೆಸುತ್ತದೆ. ಆಗ ಹೊರಬರುವ ಸಾಮಾನಿನಲ್ಲಿ ಒಂದು ಇದೆ, ಪೆರಾಕ್ಸೈಡನ್ನು ಒಡೆದು ಬರೀ ನೀರು ಮತ್ತು ಗಾಳಿ ಮಾಡುವಂಥದ್ದು. ಎಲೆಯ ಮೇಲೆ ಬುಸಬುಸ ಎಂದ ನೊರೆ ಆ ಗಾಳಿಯದೇ.

"ಅಂದ್ರೆ ನೊರೆ ಬಂದಷ್ಟೂ ಬೂಷ್ಟು ಬದುಕ್ತಾ ಇತ್ತು" ಎಂದರು ಮೇಡಂ. "ಔಷಧಿನ ನೀರು ಮಾಡಿದ್ದು ನೀವಲ್ಲ ರೈಟ್ರೇ. ಬೂಷ್ಟು."

ಹಾಗಾದರೆ ಬೇರೆ ತೋಟಗಳ ಬೂಷ್ಟು ಯಾಕೆ ಹೀಗೆ ಮಾಡಲಿಲ್ಲ ಎಂದು ಕೇಳಿದೆ. ಪೂರ್ತಿ ಡೋಸು ಒಂದೇ ಸಲ ಬಿದ್ದರೆ ಜೀನು ತೆರೆಸಿ ಸಾಮಾನು ಮಾಡಿಸುವಷ್ಟು ವ್ಯವಧಾನ ಸಿಗುವುದಿಲ್ಲ, ಅಷ್ಟರೊಳಗೆ ಸತ್ತುಹೋಗುತ್ತದೆ ಎಂದರು. ಆಮೇಲೆ ಫ್ಲಾಸ್ಕಿನಲ್ಲಿ ತಂದ ಎಲೆಗಳ ಫಲಿತಾಂಶ ತೋರಿಸಿದರು. ನಮ್ಮ ತೋಟದ ಎಲೆಗಳಲ್ಲಿ, ಸ್ಪ್ರೇ ಶುರುವಾಗುವ ಮುಂಚೆ ಕಿತ್ತವುಗಳಲ್ಲೇ, ಆ ಜೀನುಗಳೆಲ್ಲ ಬಾಗಿಲು ತೆಗೆದುಕೊಂಡು ಕುಳಿತಿದ್ದವು. ಏನೋ ಒಂದು ಸಣ್ಣ ಸುಳಿವು ಅದಕ್ಕೆ ಮೊದಲೇ ಸಿಗುತ್ತಿದೆ, ಪೈಪು ಸೋರುತ್ತದೋ, ಡ್ರಮ್ಮು ತೊಳೆದ ನೀರು ಬೀಳುತ್ತದೋ, ಸ್ವಲ್ಪ ಗಮನಿಸಿ ಎಂದರು.

ಬಸ್ಸಿನಲ್ಲಿ ವಾಪಸು ಬರುವಾಗ ನಾನು ಯೋಚಿಸಿದ್ದು ಆ ಪ್ರೋಟೀನಿನ ವಿಷಯ. ಸ್ಟೋರಿನ ಒಳಗೂ ಹೊರಗೂ ಓಡಾಡುವವನು, ಆಪತ್ತು ಬಂದಾಗ ಒಳಗೇ ನಿಂತು ಬೀರು ತೆಗೆಸಿ ಪಂಪು ಪೈಪು ಹಂಚುವವನು. ಬೂಷ್ಟಿಗೂ ಒಬ್ಬ ರೈಟರ್ ಇದ್ದಾನೆ. ಅವನ ಸ್ಟೋರು ಅವನ ಕೈಯಲ್ಲೇ ಇದೆ. ನನಗೆ ನಿಜಕ್ಕೂ ಹೊಟ್ಟೆ ಉರಿಯಿತು.

ಮಾದೇವಮ್ಮನವರ ಮುಂದೆ ನಿಂತು ಇಷ್ಟನ್ನೆಲ್ಲ ಬಿಡಿಸಿ ಹೇಳುವ ತಾಳ್ಮೆ ನನಗಿರಲಿಲ್ಲ, ಕೇಳುವ ತಾಳ್ಮೆ ಅವರಿಗೂ ಇರಲಿಲ್ಲ. ಬೂಷ್ಟಿಗೆ ಯಾರೋ ಮೊದಲೇ ಸುದ್ದಿ ಕೊಡುತ್ತಿದ್ದಾರಂತೆ, ಲ್ಯಾಬಿನಲ್ಲಿ ಸಾಬೀತಾಗಿದೆ ಎಂದುಬಿಟ್ಟೆ. ತಪ್ಪು ಮಾಡಿದೆ. ಅವರು ಒಂದು ಕ್ಷಣವೂ ಅನುಮಾನಿಸದೆ ನಂಬಿದರು. ತೋಟದಲ್ಲಿ ಒಬ್ಬ ಚಾಡಿಕೋರನಿದ್ದಾನೆ, ಅವನನ್ನು ಹಿಡಿಯಬೇಕು ಎಂದು ಅವತ್ತೇ ಎಲ್ಲರನ್ನೂ ಕಣದಲ್ಲಿ ಕೂರಿಸಿ ವಿಚಾರಣೆ ಮಾಡಿದರು.

ಒಬ್ಬೊಬ್ಬರೂ ಎದ್ದು ನಿಂತು, ಬೂಷ್ಟಿನ ಜೊತೆ ತಮಗೆ ಮಾತುಕತೆ ಇಲ್ಲವೆಂದು ಹೇಳಬೇಕಾಯಿತು. ಪ್ರತಾಪ್ ಪಂಪು ಹೊಡೆಯುವಾಗ ಹಾಡುತ್ತಾನೆ ಎಂದು ಯಾರೋ ದೂರು ಹೇಳಿದರು, ಅವನ ಹಾಡು ನಿಂತಿತು. ಹಳ್ಳದ ಬದಿಯಲ್ಲಿ ಮೊಬೈಲು ತೆಗೆಯಬಾರದು ಎಂದು ಕಟ್ಟಾಜ್ಞೆಯಾಯಿತು. ಅಲ್ಲಿ ಹೇಗೂ ಸಿಗ್ನಲ್ ಇರಲಿಲ್ಲ. ಕೊನೆಗೆ ಮಾದೇವಮ್ಮನವರು ನನ್ನ ಕಡೆ ತಿರುಗಿ, ಸುದ್ದಿ ಹೋಗುತ್ತಿದೆ ಎಂದು ಇವನಿಗೆ ಮಾತ್ರ ಹೇಗೆ ಗೊತ್ತಾಯಿತು ಎಂದು ಎಲ್ಲರಿಗೂ ಕೇಳುವಂತೆ ಕೇಳಿದರು. ಬೆಳಿಗ್ಗೆ ಬರೀ ಕಳ್ಳನಾಗಿದ್ದವನು ಸಂಜೆ ಹೊತ್ತಿಗೆ ಶತ್ರುಪಕ್ಷದವನೂ ಆದೆ.

ಆಮೇಲೆ ತೋಟದಲ್ಲಿ ಸ್ಪ್ರೇ ಎಂಬ ಮಾತೇ ನಿಷಿದ್ಧವಾಯಿತು. ಬದಲಿಗೆ ನಾಮಕರಣ ಅನ್ನಬೇಕು ಎಂದು ಮಾದೇವಮ್ಮನವರೇ ಗೊತ್ತು ಮಾಡಿದರು. ಪಂಪಿಗೆ ಕಂಬಳಿ ಹೊದಿಸಿ ಸಾಗಿಸಬೇಕು. ಔಷಧಿಗೆ ಪಾಯಸ ಎಂದು ಹೆಸರು. ನಾಮಕರಣ ಯಾವಾಗ, ಪಾಯಸ ಎಷ್ಟು ಎಂದು ಆಳುಗಳು ಗಂಭೀರವಾಗಿ ಮಾತಾಡಿಕೊಂಡಿದ್ದು ಪಕ್ಕದ ತೋಟದ ಆಳುಮನೆಗಳ ಲೈನಿಗೂ ಮುಟ್ಟಿ, ಅಲ್ಲಿಂದ ಇಬ್ಬರು ಹೆಂಗಸರು ಮಗುವಿಗೆ ಕುಲಾವಿ ಹೊಲಿದುಕೊಂಡು ಬಂದರು. ಅವರನ್ನು ವಾಪಸು ಕಳಿಸುವಂತಿರಲಿಲ್ಲ, ನಿಜ ಹೇಳುವಂತೆಯೂ ಇರಲಿಲ್ಲ. ಲಿಂಗಮ್ಮ ಕುಲಾವಿ ತೆಗೆದುಕೊಂಡು ಅರಿಶಿನ ಕುಂಕುಮ ಕೊಟ್ಟು ಕಳಿಸಿದಳು. ಆ ಕುಲಾವಿ ಈಗಲೂ ಸ್ಟೋರಿನಲ್ಲಿ ಪಂಪಿನ ನಾಜಲ್ಲಿಗೆ ಹಾಕಿದ್ದೇವೆ, ಚೆನ್ನಾಗಿ ಹೊಂದುತ್ತದೆ.

ಆಗಸ್ಟಿನ ಒಂದು ಗುರುವಾರ ಬೆಳಿಗ್ಗೆ ಎಂಟಕ್ಕೆ ಮೂರನೇ ಸ್ಪ್ರೇ ಎಂದು ನಿಶ್ಚಯವಾಯಿತು. ನನಗೆ ಯಾರೂ ಹೇಳಬಾರದಿತ್ತು. ಲಿಂಗಮ್ಮ ಹೇಳಿದಳು. ನನ್ನ ಹೆಸರು ಉಳಿಯಬೇಕಾದರೆ ಆ ಸುಳಿವು ಎಲ್ಲಿಂದ ಬರುತ್ತದೆ ಎಂದು ನಾನೇ ಕಂಡುಹಿಡಿಯಬೇಕಿತ್ತು. ಬೆಳಿಗ್ಗೆ ಐದೂವರೆಗೆ ಹೋಗಿ ಹಳ್ಳದ ಬದಿಯ ಹಲಸಿನ ಮರದ ಹಿಂದೆ ಕೊಡೆ ಹಿಡಿದು ಕುಳಿತೆ. ಇಂಬಳಗಳು ಎರಡೂ ಕಾಲಿಗೆ ಹತ್ತಿದವು. ಕೀಳುವುದಕ್ಕೆ ಅಲುಗಾಡಿದರೆ ಕಾಣುತ್ತೇನೆ ಎಂದು ರಕ್ತ ಕುಡಿಯಲು ಬಿಟ್ಟೆ.

ಆರು ಗಂಟೆಗೆ ಮಾದೇವಮ್ಮನವರು ಬಂದರು. ತಲೆಯ ಮೇಲೆ ಕಂಬಳಿಕೊಪ್ಪೆ, ಒಂದು ಕೈಯಲ್ಲಿ ಸಣ್ಣ ಬಕೆಟ್ಟು, ಇನ್ನೊಂದರಲ್ಲಿ ಲಕ್ಕಿಸೊಪ್ಪಿನ ಗೊಂಚಲು. ಚಾಡಿಕೋರನನ್ನು ಹಿಡಿಯಲು ಅವರೂ ಬಂದರು ಎಂದುಕೊಂಡೆ. ಅವರು ಮೊದಲ ಗಿಡದ ಮುಂದೆ ನಿಂತರು, ಸೊಪ್ಪನ್ನು ಬಕೆಟ್ಟಿನಲ್ಲಿ ಅದ್ದಿ ತೀರ್ಥದ ಹಾಗೆ ಎಲೆಗಳಿಗೆ ಚಿಮುಕಿಸಿದರು.

"ಎಂಟು ಗಂಟೆಗೆ ಹೊಡೀತಾರೆ. ಔಷಧಿ ಇದೇ, ನೋಡ್ಕಳಿ. ಹೋಗೋರು ಹೋಗ್ಬುಡಿ" ಎಂದು ಹೇಳಿ ಎರಡನೇ ಗಿಡಕ್ಕೆ ಹೋದರು.

ಇನ್ನೂರು ಗಿಡಕ್ಕೂ ಒಂದೊಂದಾಗಿ ಹೇಳಿದರು. ನಾನು ಎದ್ದು ಬರುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಕಾಲು ಮರಗಟ್ಟಿತ್ತೋ ಬುದ್ಧಿ ಮರಗಟ್ಟಿತ್ತೋ ಹೇಳಲಾರೆ. ನನ್ನನ್ನು ಕಂಡು ಅವರು ಬೆಚ್ಚಲಿಲ್ಲ. ಬಕೆಟ್ಟನ್ನು ಕೆಳಗಿಡದೆ, "ಸಿಕ್ಕಾಕೊಂಡೆ ನೋಡು. ಬೂಷ್ಟಿಗೆ ಸುದ್ದಿ ಹೇಳಕ್ಕೆ ಬಂದಿದ್ಯಾ?" ಎಂದು ನನ್ನನ್ನೇ ಕೇಳಿದರು.

"ಅಮ್ಮಾ, ಹೇಳ್ತಾ ಇರೋದು ನೀವು" ಎಂದೆ.

"ನಾನು ಹೇಳ್ದೆ ಇನ್ಯಾರು ಹೇಳ್ಬೇಕು? ತೋಟ ನಂದು" ಎಂದರು. "ಕದ್ದು ಸುದ್ದಿ ಕೊಡೋದು ಚಾಡಿ. ಎದುರಿಗೆ ನಿಂತು ಹೇಳೋದು ಮರ್ಯಾದೆ. ಅಷ್ಟೂ ಗೊತ್ತಾಗಲ್ವಾ ನಿಂಗೆ?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೂರು ವಾರದಿಂದ ಇಡೀ ತೋಟದ ಬಾಯಿ ಹೊಲಿಸಿದವರು ತಾವೇ ಬಕೆಟ್ಟು ಹಿಡಿದು ಇನ್ನೂರು ಮನೆಗೆ ಕರೆಯೋಲೆ ಕೊಡುತ್ತಿದ್ದರು. ಅವರಿಗೆ ಇವೆರಡೂ ಬೇರೆ ಬೇರೆ ವಿಷಯ. ಮರಕ್ಕೆ ಕೊಡಲಿ ಮುಟ್ಟಿಸಿ ಹೇಳುವ ಹಾಗೆ ಬೂಷ್ಟಿಗೆ ಔಷಧಿ ಮುಟ್ಟಿಸಿ ಹೇಳಬೇಕು, ಬರಿಗೈಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ ಎಂದರು. ಮೇಡಂ ಕೊಟ್ಟ ಸಣ್ಣ ಬಾಟಲಿಯಿಂದ ಬಕೆಟ್ಟು ನೀರಿಗೆ ಎರಡು ಚಮಚ, ಅಷ್ಟೇ, ಯಾರಿಗೂ ನೋವಾಗಬಾರದಲ್ಲ. ಮರಕ್ಕಾದರೆ ಹಿಂದಿನ ಸಂಜೆ ಹೇಳಬೇಕು, ಹಕ್ಕಿಗಳಿಗೆ ಗೂಡು, ಮರಿ ಎಂದು ಸಂಸಾರವಿರುತ್ತದೆ. ಬೂಷ್ಟಿಗೆ ಹೊರುವ ಸಾಮಾನೇನಿದೆ, ಎರಡು ಗಂಟೆ ಸಾಕು.

ಏಳೂವರೆಗೆ ನಿಖತ್ ಮೇಡಂ ಫ್ಲಾಸ್ಕು ಹಿಡಿದುಕೊಂಡು ಬಂದರು. ನಾನು ನಡೆದದ್ದನ್ನು ಹೇಳಿದೆ. ಅವರು ನಗಲಿಲ್ಲ. ಎಷ್ಟು ನೀರಿಗೆ ಎಷ್ಟು ಚಮಚ, ಎಷ್ಟು ಹೊತ್ತಿಗೆ, ಯಾವ ಸೊಪ್ಪು ಎಂದು ಕೇಳಿ ಬರೆದುಕೊಂಡರು. ಬರೆದದ್ದನ್ನು ಎರಡು ಸಲ ಓದಿ ಒಂದು ಕಲ್ಲಿನ ಮೇಲೆ ಕುಳಿತರು. ಬೂಷ್ಟು ಸಾಯದ ಹಾಗೆ, ಆದರೆ ಪೂರ್ತಿ ತಯಾರಾಗುವ ಹಾಗೆ ಮಾಡಲು ಎಷ್ಟು ಔಷಧಿ ಬೇಕು ಎಂದು ಲ್ಯಾಬಿನಲ್ಲಿ ಅವರು ನಾಲ್ಕು ತಿಂಗಳು ತಡಕಾಡಿ ಕಂಡುಕೊಂಡ ಅಳತೆಯೂ ಹೆಚ್ಚುಕಡಿಮೆ ಇಷ್ಟೇ ಅಂತೆ. ಮಾದೇವಮ್ಮನವರು, ಅದಕ್ಕೆ ಅಷ್ಟು ದಿನ ಯಾಕೆ ಬೇಕಿತ್ತು, ನನ್ನನ್ನು ಕೇಳಿದ್ದರೆ ಹೇಳುತ್ತಿರಲಿಲ್ಲವೇ ಎಂದರು.

ಅವತ್ತಿನ ಸ್ಪ್ರೇ ರದ್ದಾಯಿತು. ಆಮೇಲೆ ಜಗಲಿಯ ಮೇಲೆ ಇಬ್ಬರಿಗೂ ದೊಡ್ಡ ವಾದ ನಡೆಯಿತು. ಬಾಯಲ್ಲಿ ಎಷ್ಟು ಬೇಕಾದರೂ ಹೇಳಿ, ಬೂಷ್ಟಿಗೆ ಕಿವಿಯಿಲ್ಲ, ಚಿಮುಕಿಸಬೇಡಿ ಅಷ್ಟೇ ಎಂದರು ಮೇಡಂ. ಕಿವಿಯಿಲ್ಲದವರಿಗೆ ಬಾಯಲ್ಲಿ ಹೇಳುವುದು ಮೋಸ ಎಂದರು ಇವರು. ಹೊಡೆದ ಮೇಲೆ ಹೇಳಬಹುದಲ್ಲ ಎಂದು ನಾನು ಒಂದು ದಾರಿ ತೋರಿಸಿದೆ, ಇಬ್ಬರೂ ಸೇರಿ ನನ್ನನ್ನು ಸುಮ್ಮನಿರಿಸಿದರು. ಕೊನೆಗೆ ಮೇಡಂ ಕೇಳಿದರು:

"ಅಮ್ಮಾ, ನೀವು ಹೇಳಿದ್ರೆ ಅದು ಹೋಗಲ್ಲ, ತಯಾರಾಗುತ್ತೆ. ಅದು ನಿಮ್ಮ ಗಿಡಕ್ಕೆ ಬರೋವಾಗ ನಿಮಗೆ ಹೇಳಿ ಬಂತಾ?"

ಕಾಫಿ ಬಂತು, ಆರಿಹೋಯಿತು. "ಇಲ್ಲ. ಹೇಳ್ಲಿಲ್ಲ" ಎಂದರು ಮಾದೇವಮ್ಮನವರು. ಆಮೇಲೆ ಸಣ್ಣ ಬಾಟಲಿಯನ್ನು ತಂದು ಮೇಡಂ ಕೈಗೆ ಕೊಟ್ಟರು.

ತೆರೆದುಕೊಂಡ ಜೀನುಗಳು ಮತ್ತೆ ಮುಚ್ಚಿಕೊಳ್ಳಲಿ ಎಂದು ಒಂಬತ್ತು ದಿನ ಬಿಟ್ಟು, ಮಾದೇವಮ್ಮನವರಿಗೂ ಮುಂಚೆ ತಿಳಿಸದೆ, ಒಂದು ಶನಿವಾರ ಹತ್ತು ಗಂಟೆಗೆ ಸ್ಪ್ರೇ ಆಯಿತು. ಪಂಪಿನ ಸದ್ದು ಕೇಳಿದ್ದೇ ಅವರು ಜಗಲಿಯಲ್ಲಿ ಗೋಡೆ ಕಡೆ ಮುಖ ಮಾಡಿ ಕುಳಿತರಂತೆ. ಮಧ್ಯಾಹ್ನ ಊಟ ಮಾಡಲಿಲ್ಲ. ಹಳ್ಳದ ಬದಿಯಲ್ಲಿ ನೊರೆ ಹೆಚ್ಚಾಗಿ ಏಳಲಿಲ್ಲ, ಪ್ರತಾಪನ ಮುಖ ಸಪ್ಪಗಾಯಿತು. ಹದಿನೈದು ದಿನಕ್ಕೆ ಕಪ್ಪು ನಿಂತಿತು. ನೇತಾಡುತ್ತಿದ್ದ ಎಲೆಗಳು ನೂಲು ಹರಿದು ಉದುರಿದವು. ತುದಿಯಲ್ಲಿ ಹೊಸ ಚಿಗುರು ಕಾಣಿಸಿತು.

ಚಿಗುರು ಕಂಡ ಮಾರನೆಯ ದಿನ ನನಗೆ ಕರೆ ಬಂತು. ಮಾದೇವಮ್ಮನವರು ಜಗಲಿಯ ಬೆಂಚಿನ ಮೇಲೆ ಬೀಗದ ಕೈ ಇಟ್ಟಿದ್ದರು. ತಗೊಂಡು ಹೋಗು, ಗೊಬ್ಬರ ತೂಕ ಹಾಕಿಸು ಎಂದರು, ಏನೂ ನಡೆದೇ ಇಲ್ಲವೆಂಬಂತೆ. ಕೈ ಮುಂದೆ ಹೋಯಿತು, ನಾನು ತಡೆದೆ. ಒಂದೂವರೆ ತಿಂಗಳಿಂದ ನುಂಗಿಕೊಂಡಿದ್ದ ಮಾತನ್ನು ಆಡಿಬಿಟ್ಟೆ.

"ಬೂಷ್ಟಿಗೆ ಎರಡು ಗಂಟೆ ಮುಂಚೆ ಹೇಳಿದ್ರಿ ಅಮ್ಮಾ. ಒಂದೊಂದು ಗಿಡದ ಮುಂದೂ ನಿಂತು ಹೇಳಿದ್ರಿ. ನನ್ನ ಕೈಯಿಂದ ಕೀ ಇಸ್ಕೊಳೋ ದಿನ ನಂಗೊಂದು ಮಾತು ಹೇಳಿದ್ರಾ?"

ಅವರು ಸೆರಗಿನ ತುದಿ ನೋಡಿಕೊಂಡರು. ಸುಳ್ಳು ಹೇಳುವ ಅಭ್ಯಾಸ ಅವರಿಗಿಲ್ಲ.

"ಹೇಳಿದ್ರೆ ನೀನು ತಯಾರಾಗ್ಬುಡ್ತಿದ್ದೆ" ಎಂದರು.

ಬೈಗುಳಕ್ಕೆಲ್ಲ ಗಟ್ಟಿಯಾಗಿದ್ದ ಎದೆಯಲ್ಲಿ ಆ ಮಾತು ನಾಟಿತು. ಹಾಗಾದರೆ ಬೂಷ್ಟು ತಪ್ಪಿಸಿಕೊಂಡರೆ ಅವರಿಗೆ ಅಡ್ಡಿಯಿರಲಿಲ್ಲ, ನಾನು ತಪ್ಪಿಸಿಕೊಳ್ಳಬಾರದಿತ್ತು. ಮನೆಗೆ ಬಂದು ಒಂದು ಹಾಳೆಯ ಮೇಲೆ, ಇಂದಿನಿಂದ ಎಂಟು ದಿನಕ್ಕೆ ಕೆಲಸ ಬಿಡುತ್ತೇನೆ, ಮುಂಚಿತವಾಗಿ ತಿಳಿಸಿದ್ದೇನೆ ಎಂದು ಬರೆದೆ. ವಾಪಸು ಹೋಗಿ ಅವರೆದುರಿಗೆ ನಿಂತು ಓದಿ, ಹಾಳೆಯನ್ನು ಬೀಗದ ಕೈ ಪಕ್ಕ ಇಟ್ಟು ಬಂದೆ. ನಾನಾದರೂ ಮರ್ಯಾದೆ ಬಿಡಬಾರದಲ್ಲ.

ಆ ಎಂಟು ದಿನ ಕೊಟ್ಟದ್ದೇ ಎಡವಟ್ಟಾಯಿತು. ಮಾದೇವಮ್ಮನವರು ತಯಾರಾಗತೊಡಗಿದರು. ಮೊದಲ ದಿನ ಕಡುಬು, ಕಳಲೆ ಪಲ್ಯ ಬಂತು. ತಿನ್ನುವಾಗ ಹೋಗಿ ಹಾಳೆ ವಾಪಸು ತಂದುಬಿಡೋಣ ಅನ್ನಿಸಿತು, ನಿಜ ಹೇಳುತ್ತೇನೆ. ಎರಡನೇ ದಿನ ಪತ್ರೊಡೆ ಬಂತು, ಅಷ್ಟೊಂದು ಅನ್ನಿಸಲಿಲ್ಲ. ಮೂರನೇ ದಿನ ಹೊಸ ಕಂಬಳಿ. ನಾಲ್ಕನೇ ದಿನ ಪ್ರತಾಪ್ ಬಂದು, ಮೂರು ಮಳೆಗಾಲದಿಂದ ಸೋರುತ್ತಿದ್ದ ನಮ್ಮ ಮನೆಯ ಶೀಟು ಬದಲಾಯಿಸಿದ. ಐದನೇ ದಿನದಿಂದ ಅವರು ಯಾರನ್ನೂ ಬೈಯುತ್ತಿಲ್ಲ ಎಂದು ಲಿಂಗಮ್ಮ ಗಾಬರಿಯಿಂದ ಹೇಳಿ ಹೋದಳು. ಸ್ವಲ್ಪ ಸ್ವಲ್ಪವಾಗಿ ಬಂದದ್ದೆಲ್ಲ ನನ್ನನ್ನು ಇನ್ನಷ್ಟು ಗಟ್ಟಿ ಮಾಡಿತು. ಚಿನ್ನಮ್ಮ ಕರಗಿ ನೀರಾಗಿದ್ದಳು, ನಾನು ಕಲ್ಲಾಗಿದ್ದೆ. ಆರನೇ ದಿನ ನಿಖತ್ ಮೇಡಂ ಜೀಪು ತೋಟಕ್ಕೆ ಬಂದು ಹೋಯಿತು. ಅವರಿಬ್ಬರೂ ಏನು ಮಾತಾಡಿಕೊಂಡರೋ ಗೊತ್ತಿಲ್ಲ. ಏಳನೇ ದಿನ ಏನೂ ಬರಲಿಲ್ಲ.

ಎಂಟನೇ ದಿನ ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿಕೊಂಡು, ಹೇಳಿ ಹೋಗೋಣವೆಂದು ಕಣದ ಕಡೆ ಬಂದೆ. ಹಾಜರಿಗೆ ಎಲ್ಲರೂ ನಿಂತಿದ್ದರು. ಅವರು ಅತ್ತರೆ ಏನು ಹೇಳಬೇಕು, ಬೈದರೆ ಏನು ಹೇಳಬೇಕು, ತಿಂಡಿ ಕಟ್ಟಿಕೊಟ್ಟರೆ ಹೇಗೆ ಬೇಡ ಅನ್ನಬೇಕು ಎಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡಿದ್ದೆ. ಮಾದೇವಮ್ಮನವರು ನನ್ನ ಕಡೆ ನೋಡಲೂ ಇಲ್ಲ. ಆಳುಗಳ ಎದುರಿಗೆ, ಜುಲೈನಲ್ಲಿ ನಿಂತಿದ್ದ ಅದೇ ಜಾಗದಲ್ಲಿ ನಿಂತರು.

"ರಂಗಸ್ವಾಮಿ ಔಷಧಿ ಕದ್ದಿಲ್ಲ" ಎಂದರು. "ಕದ್ದ ಅಂತ ಇದೇ ಜಾಗದಲ್ಲಿ, ನಿಮ್ಮೆಲ್ಲರ ಮುಂದೆ ಅಂದೋಳು ನಾನು. ಅವನನ್ನ ಒಂದು ಮಾತೂ ಕೇಳ್ಲಿಲ್ಲ. ತಪ್ಪು ನಂದು."

ಅಷ್ಟೇ. ಅದಕ್ಕೆ ಮುಂಚೆ ಯಾವ ಸೂಚನೆಯನ್ನೂ ಅವರು ಕೊಟ್ಟಿರಲಿಲ್ಲ. ಲಿಂಗಮ್ಮನಿಗೂ ಗೊತ್ತಿರಲಿಲ್ಲ ಎಂದು ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ನಾನು ತಯಾರಿರಲಿಲ್ಲ. ಚೀಲ ಹೆಗಲಿನಿಂದ ಯಾವಾಗ ಜಾರಿತೋ ನೆನಪಿಲ್ಲ. ಮಾದೇವಮ್ಮನವರು ಹತ್ತಿರ ಬಂದು ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ಲಿಂಗಮ್ಮ ಹಾಜರಿ ಪುಸ್ತಕ ತಂದುಕೊಟ್ಟಳು.

ಪುಸ್ತಕ ಬಿಡಿಸಿದೆ. ಅಕ್ಷರ ಒಂದೂ ಕಾಣಿಸುತ್ತಿರಲಿಲ್ಲ, ಎಲ್ಲ ನೀರುನೀರಾಗಿತ್ತು. ಇಪ್ಪತ್ತೆರಡು ಹೆಸರನ್ನೂ ಬಾಯಿಪಾಠದಲ್ಲೇ ಕೂಗಿದೆ.